ಯಮಾಟೊ ಹಡಗಿನ ಬಗ್ಗೆ ನಿನ್ನ ತಕರಾರಿಗೆ ಉತ್ತರ

ಪ್ರಿಯ ಗೆಳೆಯಾ,

‘ಸ್ಪೇಸ್ ಬ್ಯಾಟಲ್‌ಶಿಪ್ ಯಮಾಟೊ’ ಎಂಬ ಜಪಾನಿನ ಹಳೆಯ ಕಾರ್ಟೂನ್ ಸರಣಿಯನ್ನು ನೋಡಲು ಕುಳಿತವನು ಎರಡನೇ ಕಂತಿಗೇ ಎದ್ದುಬಿಟ್ಟೆ ಎಂದು ಬರೆದಿದ್ದೀಯ. ಸೋತ ಸಾಮ್ರಾಜ್ಯದ ಯುದ್ಧನೌಕೆಗೆ ಹೊಸ ಎಂಜಿನ್ ಜೋಡಿಸಿ ಆಕಾಶಕ್ಕೆ ಹಾರಿಸಿ ಮಕ್ಕಳಿಂದ ಚಪ್ಪಾಳೆ ತಟ್ಟಿಸುವ ಕಥೆ ಇದು, ಇದನ್ನು ನೀನು ಹೇಗೆ ಮೆಚ್ಚಿದೆ ಮಾರಾಯ ಎಂದು ಕೇಳಿದ್ದೀಯ. ನಿನ್ನ ತಕರಾರು ಸರಿ, ಎದ್ದ ಹೊತ್ತು ಸರಿಯಿಲ್ಲ. 24ನೇ ಕಂತಿನವರೆಗೆ ತಾಳಿಕೊಂಡಿದ್ದರೆ ಅದೇ ತಕರಾರನ್ನು ಆ ಸರಣಿಯ ನಾಯಕನೇ ನಿನಗಿಂತ ಜೋರಾಗಿ ಎತ್ತುವುದನ್ನು ನೋಡುತ್ತಿದ್ದೆ.

ಮೊದಲು ಹಡಗಿನ ವಿಷಯ. ನಿಜವಾದ ಯಮಾಟೊ 1941ರ ಡಿಸೆಂಬರ್‌ನಲ್ಲಿ ಜಪಾನಿನ ನೌಕಾಪಡೆಗೆ ಸೇರಿತು. 263 ಮೀಟರ್ ಉದ್ದ, 46 ಸೆಂಟಿಮೀಟರ್ ಬಾಯಿಯ ಒಂಬತ್ತು ಫಿರಂಗಿಗಳು. ಅದನ್ನು ಕಟ್ಟಿ ಮುಗಿಸುವ ಹೊತ್ತಿಗೆ ಸಮುದ್ರಯುದ್ಧದ ಹಣೆಬರಹವನ್ನು ಬರೆಯುವ ಕೆಲಸ ಫಿರಂಗಿಗಳಿಂದ ವಿಮಾನಗಳಿಗೆ ದಾಟಿಯಾಗಿತ್ತು. 1945ರ ಏಪ್ರಿಲ್‌ನಲ್ಲಿ ಒಕಿನಾವಾ ಕಡೆಗೆ ಹೊರಟಾಗ ಮರಳಿ ಬರುವ ನಿರೀಕ್ಷೆ ಕಳಿಸಿದವರಿಗೂ ಇರಲಿಲ್ಲ, ಹೋದವರಿಗೂ ಇರಲಿಲ್ಲ. ಏಪ್ರಿಲ್ 7ರಂದು ಅಮೆರಿಕದ ವಿಮಾನಗಳು ಅದನ್ನು ಮುಳುಗಿಸಿದವು. ಹಡಗಿನೊಂದಿಗೆ ಸುಮಾರು 3,000 ಮಂದಿ ಸತ್ತರು, ಉಳಿದವರು 300ಕ್ಕೂ ಕಡಿಮೆ. ಹಡಗು ಹುಟ್ಟಿದ ಕುರೆ ಪಟ್ಟಣದಲ್ಲಿ 2005ರಲ್ಲಿ ತೆರೆದ ವಸ್ತುಸಂಗ್ರಹಾಲಯದಲ್ಲಿ ಅದರ ಹತ್ತನೇ ಒಂದು ಅಳತೆಯ ಮಾದರಿಯನ್ನು ನಿಲ್ಲಿಸಿದ್ದಾರೆ; ಆ ಮಾದರಿಯೇ 26 ಮೀಟರಿಗೂ ಉದ್ದ. ಗೋರಿಯೂ ಹೌದು, ಹೆಮ್ಮೆಯೂ ಹೌದು ಎನ್ನುವಂಥ ಹಡಗು ಅದು. 1974ರ ಅಕ್ಟೋಬರ್‌ನಲ್ಲಿ ಸರಣಿ ಶುರುವಾದಾಗ ಯುದ್ಧ ಮುಗಿದು ಇನ್ನೂ ಮೂವತ್ತು ವರ್ಷವೂ ತುಂಬಿರಲಿಲ್ಲ. ಭಾನುವಾರದ ಸಂಜೆ ಮಕ್ಕಳ ಪಕ್ಕದಲ್ಲಿ ಕೂತು ಟಿವಿ ನೋಡುತ್ತಿದ್ದ ಅಪ್ಪಂದಿರಲ್ಲಿ ಬಾಂಬುಗಳ ಸದ್ದು ಕೇಳಿ ಬೆಳೆದವರೇ ಹೆಚ್ಚು.

ಕಥೆ ನಿನಗೆ ಅರ್ಧ ಗೊತ್ತು. 2199ನೇ ಇಸವಿ. ಗಾಮಿಲಾಸ್ ಎಂಬ ಗ್ರಹದವರು ಭೂಮಿಯ ಮೇಲೆ ವಿಕಿರಣದ ಬಾಂಬುಗಳನ್ನು ಸುರಿದಿದ್ದಾರೆ. ಸಮುದ್ರಗಳು ಬತ್ತಿವೆ, ಜನ ನೆಲದಡಿಯ ನಗರಗಳಲ್ಲಿ ಬದುಕುತ್ತಿದ್ದಾರೆ, ವಿಷ ಮಣ್ಣಿನ ಮೂಲಕ ಕೆಳಕ್ಕೆ ಇಳಿಯುತ್ತಿದೆ. ಉಳಿದಿರುವುದು ಒಂದೇ ವರ್ಷ. ಆಗ ಇಸ್ಕಾಂದಾರ್ ಎಂಬ ಗ್ರಹದ ರಾಣಿ ಸ್ಟಾರ್ಶಾ ಒಂದು ಎಂಜಿನ್ನಿನ ನಕ್ಷೆ ಕಳಿಸಿ, ವಿಕಿರಣ ತೊಳೆಯುವ ಯಂತ್ರ ತನ್ನಲ್ಲಿದೆ, ಬಂದು ಒಯ್ಯಿರಿ ಎನ್ನುತ್ತಾಳೆ. ಅವಳಿರುವುದು ದೊಡ್ಡ ಮ್ಯಾಗೆಲಾನಿಕ್ ಮೋಡ ಎಂಬ ನೆರೆಯ ಗ್ಯಾಲಕ್ಸಿಯಲ್ಲಿ. ಸರಣಿಯ ಲೆಕ್ಕದಲ್ಲಿ 1,48,000 ಜ್ಯೋತಿರ್ವರ್ಷ ದೂರ. ಬತ್ತಿದ ಸಮುದ್ರದ ತಳದಲ್ಲಿ ತುಕ್ಕು ಹಿಡಿದು ಬಿದ್ದ ಹಳೆಯ ಯಮಾಟೊದ ಒಡಲಲ್ಲಿ, ಶತ್ರುವಿನ ಕಣ್ಣಿಗೆ ಬೀಳದಂತೆ, ಹೊಸ ಹಡಗನ್ನು ಕಟ್ಟಿರುತ್ತಾರೆ. ನೀನು ಎದ್ದು ಹೋದದ್ದು ಇಲ್ಲಿಗೇ ಅಲ್ಲವೇ?

ಮುಂದೆ ನಡೆಯುವುದು ಬರಿಯ ಯುದ್ಧವಾಗಿದ್ದರೆ ನಾನೂ ಎದ್ದು ಹೋಗುತ್ತಿದ್ದೆ. ಈ ಸರಣಿಯ ನಿಜವಾದ ಎಂಜಿನ್ ಕ್ಯಾಲೆಂಡರ್. ಪ್ರತಿ ಕಂತಿನ ಕೊನೆಯಲ್ಲಿ ನಿರೂಪಕನ ದನಿ ಬಂದು, ಮನುಕುಲ ಅಳಿಯಲು ಇನ್ನು ಇಷ್ಟು ದಿನ ಎಂದು ಹೇಳಿ ಹೋಗುತ್ತದೆ. ಗೆದ್ದ ಕಂತಿಗೂ ಅದೇ, ಸೋತ ಕಂತಿಗೂ ಅದೇ. ಒಂದು ಗ್ರಹದ ಬಳಿ ಹೋರಾಡಿ ಗೆದ್ದರು ಎಂದು ಉಸಿರು ಬಿಡುವಷ್ಟರಲ್ಲಿ ಎಷ್ಟು ದಿನ ಪೋಲಾಯಿತು ಎಂಬ ಲೆಕ್ಕ ಮುಂದೆ ಬಂದು ನಿಲ್ಲುತ್ತದೆ. ವಾರಕ್ಕೊಮ್ಮೆ ಪ್ರಸಾರವಾಗುತ್ತಿದ್ದ ಕಾಲದಲ್ಲಿ ಹೊಸ ಸಂಖ್ಯೆಗಾಗಿ ಏಳು ದಿನ ಕಾಯುವುದು ಹೇಗಿತ್ತೋ ಊಹಿಸು. ನಮ್ಮಂತೆ ಒಂದೇ ರಾತ್ರಿ ಆರು ಕಂತು ಮುಗಿಸುವವರಿಗೆ ಅದರ ರುಚಿ ಪೂರ್ತಿ ದಕ್ಕುವುದಿಲ್ಲ.

ಹತ್ತನೇ ಕಂತನ್ನಾದರೂ ನೋಡು. ಹಡಗು ಸೌರಮಂಡಲವನ್ನು ದಾಟಲಿದೆ, ಆಮೇಲೆ ಭೂಮಿಯೊಂದಿಗೆ ಮಾತು ಸಾಧ್ಯವಿಲ್ಲ. ಕಪ್ತಾನ ಓಕಿತಾ ಎಲ್ಲರಿಗೂ ಮನೆಯವರೊಂದಿಗೆ ಕೆಲವೇ ನಿಮಿಷ ಮಾತಾಡಲು ಬಿಡುತ್ತಾನೆ. ಸಂಪರ್ಕ ಕೊಠಡಿಯ ಮುಂದೆ ಸಾಲು. ಒಳಗೆ ಹೋದವರು ಪರದೆಯ ಮೇಲೆ ಮನೆಯವರ ಮುಖ ನೋಡಿ, ಆಡಬೇಕೆಂದುಕೊಂಡ ಮಾತನ್ನು ಬಿಟ್ಟು ಬೇರೇನೋ ಆಡಿ ಹೊರಬರುತ್ತಾರೆ. ಯುಕಿ ಎಂಬ ಹುಡುಗಿಗೆ ಅವಳ ತಾಯಿ, ಲೋಕ ಮುಳುಗುತ್ತಿರುವ ಆ ಹೊತ್ತಿನಲ್ಲೂ, ಮದುವೆಗೆ ಗೊತ್ತುಮಾಡಬೇಕಾದ ಹುಡುಗರ ಫೋಟೊಗಳನ್ನು ಎತ್ತಿ ತೋರಿಸುತ್ತಾಳೆ. ಇದನ್ನು ಬರೆದವರಿಗೆ ತಾಯಂದಿರ ವಿಷಯ ಚೆನ್ನಾಗಿಯೇ ಗೊತ್ತಿತ್ತು! ನಾಯಕ ಕೊಡಾಯ್‌ಗೆ ಮಾತ್ರ ಮಾತಾಡಲು ಯಾರೂ ಇಲ್ಲ; ತಂದೆತಾಯಿ ಬಾಂಬಿಗೆ ಬಲಿಯಾಗಿದ್ದಾರೆ. ಅದು ಯಾರಿಗೂ ತಿಳಿಯಬಾರದೆಂದು ತಪ್ಪಿಸಿಕೊಂಡು ಓಡಾಡಿ ಕೊನೆಗೆ ಕಪ್ತಾನನ ಕೋಣೆ ಸೇರುತ್ತಾನೆ. ಅಲ್ಲಿ ನೋಡಿದರೆ ಮುದುಕನಿಗೂ ಯಾರೂ ಇಲ್ಲ, ಇದ್ದ ಒಬ್ಬ ಮಗನೂ ಯುದ್ಧದಲ್ಲಿ ಹೋಗಿದ್ದಾನೆ. ಇಬ್ಬರೂ ಕೂತು ‘ಸಾಕೆ’ ಎಂಬ ಅಕ್ಕಿಯ ಮದ್ಯ ಕುಡಿಯುತ್ತಾರೆ, ದೂರವಾಗುತ್ತಿರುವ ಭೂಮಿಯ ಕಡೆ ತಿರುಗಿ ವಿದಾಯ ಹೇಳುತ್ತಾರೆ. ಒಂದು ಗುಂಡೂ ಹಾರದ ಕಂತು ಇದು, ಇಡೀ ಸರಣಿಯಲ್ಲಿ ನಾನು ಹೆಚ್ಚು ಸಲ ನೋಡಿರುವುದೂ ಇದನ್ನೇ.

ಈ ಇಬ್ಬರ ನಡುವೆ ಮೊದಲಿಗೆ ವೈರವಿತ್ತು ಎನ್ನುವುದನ್ನು ನೆನಪಿಟ್ಟುಕೊಂಡರೆ ಆ ದೃಶ್ಯದ ತೂಕ ತಿಳಿಯುತ್ತದೆ. ಪ್ಲೂಟೊ ಬಳಿಯ ಸೋಲಿನಲ್ಲಿ ಓಕಿತಾ ಹಿಂದೆ ಸರಿದ, ಅವನಿಗೆ ಮರೆಯಾಗಿ ನಿಂತು ಕಾದಿದವನು ಕೊಡಾಯ್‌ನ ಅಣ್ಣ. ಅಣ್ಣನನ್ನು ಸಾಯಲು ಬಿಟ್ಟು ಬಂದವನ ಕೈಕೆಳಗೇ ತಮ್ಮ ದುಡಿಯಬೇಕು. ಆರನೇ ಕಂತಿನಲ್ಲಿ ಶನಿಯ ಉಪಗ್ರಹ ಟೈಟನ್ ಮೇಲೆ, ಮಂಜಿನಲ್ಲಿ ಹೂತ ಅಣ್ಣನ ಹಡಗು ಕೊಡಾಯ್‌ಗೆ ಸಿಗುತ್ತದೆ; ಅಣ್ಣನ ಪಿಸ್ತೂಲೂ ಸಿಗುತ್ತದೆ. ಭಾಷಣ ಅಲ್ಲಿ ಕಡಿಮೆ. ಹಾಗೆ ಸುಮ್ಮನಿರಬಲ್ಲ ಧೈರ್ಯ ಆ ಕಾಲದ ಮಕ್ಕಳ ಕಾರ್ಯಕ್ರಮಗಳಲ್ಲಿ ಎಷ್ಟಕ್ಕಿತ್ತು?

ಸಂಗೀತವನ್ನು ಹೊಗಳದೆ ಮುಂದೆ ಹೋಗಲಾರೆ. ಹಿರೋಶಿ ಮಿಯಾಗಾವಾ ಕಟ್ಟಿದ ಶೀರ್ಷಿಕೆ ಗೀತೆ ಅಪ್ಪಟ ಕವಾಯತಿನ ಹಾಡು, ಇಸಾವೊ ಸಾಸಾಕಿಯ ಗಂಟಲೂ ಅದಕ್ಕೆ ತಕ್ಕದ್ದು. ನಿನಗೆ ಅದೂ ಸಿಟ್ಟು ತರಿಸಿರಬೇಕು. ಆದರೆ ನಕ್ಷತ್ರಗಳನ್ನು ತೋರಿಸುವಾಗ ಹಿನ್ನೆಲೆಯಲ್ಲಿ ಪದಗಳೇ ಇಲ್ಲದ ಒಂದು ಹೆಣ್ಣುದನಿ ಬರುತ್ತದೆ, ಕಝುಕೊ ಕವಾಶಿಮಾ ಅವರದು. ಕವಾಯತು ಹೊರಟ ಹಡಗಿನದಾದರೆ ಈ ದನಿ ಹಡಗಿನ ಗೊಡವೆಯೇ ಇಲ್ಲದ ಆಕಾಶದ್ದು.

ಇನ್ನು ಹುಳುಕುಗಳು. ಇವುಗಳನ್ನು ಮುಚ್ಚಿಟ್ಟು ತಿಪ್ಪೆ ಸಾರಿಸುವ ಉದ್ದೇಶ ನನಗಿಲ್ಲ. ನೂರಕ್ಕೂ ಹೆಚ್ಚು ಜನರಿರುವ ಹಡಗಿನಲ್ಲಿ ಹೆಸರು ಹಿಡಿದು ಹೇಳಬಹುದಾದ ಹೆಣ್ಣು ಯುಕಿ ಒಬ್ಬಳೇ. ರೇಡಾರ್ ನೋಡುವವಳೂ ಅವಳೇ, ದಾದಿಯೂ ಅವಳೇ, ಕಾಫಿ ತರುವವಳೂ ಅವಳೇ. ಹಡಗಿನ ರೋಬೊಟ್ ಅವಳ ಲಂಗ ಎತ್ತುವುದನ್ನು ಹಾಸ್ಯವೆಂದು ಮತ್ತೆ ಮತ್ತೆ ತೋರಿಸುತ್ತಾರೆ. ಹೇಸಿಗೆ, ಬೇರೆ ಮಾತಿಲ್ಲ. ಚಿತ್ರಗಳನ್ನು ಉಳಿತಾಯಕ್ಕಾಗಿ ಮತ್ತೆ ಮತ್ತೆ ಬಳಸಿದ್ದು ಎದ್ದು ಕಾಣುತ್ತದೆ. ಗಾಮಿಲಾಸ್ ಜನರ ಮೈಬಣ್ಣ ಮೊದಲ ಕಂತುಗಳಲ್ಲಿ ನಮ್ಮ ನಿಮ್ಮಂತೆಯೇ ಇದ್ದು, ನಡುವೆ ಎಲ್ಲೋ ಯಾರಿಗೂ ಹೇಳದೆ ಕೇಳದೆ ನೀಲಿಯಾಗುತ್ತದೆ. ಹಡಗಿನ ತಳದಲ್ಲಿ ತೂಗುವ ಮೂರನೇ ಬ್ರಿಡ್ಜ್ ಎಂಬ ನಿಯಂತ್ರಣ ಕೋಣೆಯಂತೂ ಮುರಿದು ಬಿದ್ದರೂ ಮುಂದೆ ಏನೂ ಆಗದಂತೆ ಮರಳಿ ಬಂದಿರುತ್ತದೆ. ಅಲ್ಲಿ ಕೆಲಸಕ್ಕೆ ಹಾಕಿದವರ ಗತಿ ಏನಾಯಿತೆಂದು ಅಭಿಮಾನಿಗಳು ಇಂದಿಗೂ ತಮಾಷೆ ಮಾಡುತ್ತಾರೆ.

ಕೊನೆಯ ಅವಸರಕ್ಕೆ ಮಾತ್ರ ಒಂದು ಕಾರಣವಿದೆ. ಮೊದಲು 39 ಕಂತುಗಳೆಂದು ಯೋಜಿಸಿದ್ದ ಸರಣಿಯನ್ನು ನೋಡುಗರು ಸಾಲದೆ 26ಕ್ಕೆ ಮೊಟಕುಗೊಳಿಸಿದರು. ಅದೇ ಭಾನುವಾರ ಅದೇ ಹೊತ್ತಿಗೆ ಇನ್ನೊಂದು ವಾಹಿನಿಯಲ್ಲಿ ಇಸಾವೊ ತಕಹಾತಾ ನಿರ್ದೇಶಿಸಿದ ‘ಹೈಡಿ’ ಬರುತ್ತಿತ್ತು. ಆಲ್ಪ್ಸ್ ಬೆಟ್ಟದ ಆ ಪುಟ್ಟ ಹುಡುಗಿ ಈ ದೈತ್ಯ ಯುದ್ಧನೌಕೆಯನ್ನು ಮಣ್ಣುಮುಕ್ಕಿಸಿದಳು. ಹೀಗಾಗಿ ಹೋಗುವ ದಾರಿಗೆ ಇಪ್ಪತ್ತಕ್ಕೂ ಹೆಚ್ಚು ಕಂತು, ಅಷ್ಟೇ ದೂರದ ಮರಳುವ ದಾರಿಗೆ ಒಂದು ಕಂತು. ಆ ಒಂದರೊಳಗೇ ಕೊನೆಯ ದಾಳಿ, ಯುಕಿಯ ಸಾವು, ಅವಳು ಮತ್ತೆ ಕಣ್ಣು ಬಿಡುವ ಪವಾಡ, ಭೂಮಿಯ ದರ್ಶನ, ಓಕಿತಾನ ಮರಣ ಎಲ್ಲವನ್ನೂ ತುರುಕಿದ್ದಾರೆ. ಓಕಿತಾನ ಸಾವು ಅಷ್ಟರಲ್ಲೂ ಕಣ್ಣು ಒದ್ದೆ ಮಾಡುತ್ತದೆ ಎಂಬುದು ಬೇರೆ ಮಾತು.

ಇವೆಲ್ಲ ಸಣ್ಣವು. ದೊಡ್ಡ ಹುಳುಕು ನೀನು ಹೇಳಿದ್ದೇ, ಆದರೆ ನೀನು ಅದನ್ನು ಅರ್ಧ ಮಾತ್ರ ಹೇಳಿದ್ದೀಯ. ಇಲ್ಲಿ ಭೂಮಿ ಎಂದರೆ ಜಪಾನ್, ಬೇರೆ ದೇಶದವರ ಸುಳಿವೇ ಇಲ್ಲದ ಭೂಮಿ. ಆಕಾಶದಿಂದ ಬೀಳುವ ಬಾಂಬು, ಕಾಣದೆ ಹರಡುವ ವಿಕಿರಣ, ಸುಟ್ಟ ನೆಲ ಎಲ್ಲವೂ ಹಿರೋಶಿಮಾ, ನಾಗಸಾಕಿಗಳ ನೆನಪು. ಬಲಿಪಶುವಿನ ನೋವೆಲ್ಲ ತನ್ನದು. ಶತ್ರುವಿಗೆ ಕೊಟ್ಟ ವೇಷವೋ? ಅವರ ನಾಯಕ ಡೆಸ್ಲರ್, ಸೇನಾನಿ ಡೊಮೆಲ್, ಕೈ ಚಾಚಿ ಹೊಡೆಯುವ ಸೆಲ್ಯೂಟ್, ಎಲ್ಲ ಜರ್ಮನಿಯ ನಾಜಿಗಳದು. ನಿಜವಾದ ಯಮಾಟೊ ಸಮುದ್ರದಲ್ಲಿದ್ದಾಗ ಆ ಜರ್ಮನಿ ಜಪಾನಿನ ಮಿತ್ರನಾಗಿತ್ತು! ನಾನ್‌ಜಿಂಗ್, ಮನಿಲಾಗಳಂಥ, ಜಪಾನಿ ಸೇನೆ ಹತ್ಯಾಕಾಂಡ ನಡೆಸಿದ ಊರುಗಳ ಜನ ಈ ಹಡಗು ಮೇಲೇಳುವುದನ್ನು ನೋಡಿದರೆ ಅವರಿಗೇನು ಅನಿಸೀತು ಎಂಬ ಯೋಚನೆ 23 ಕಂತುಗಳವರೆಗೆ ಯಾರ ತಲೆಗೂ ಹೊಕ್ಕಂತೆ ಕಾಣುವುದಿಲ್ಲ.

ಅಲ್ಲಲ್ಲಿ ಸೂಚನೆ ಮಾತ್ರ ಉಂಟು. ಹಡಗಿನ ಮೂತಿಯಲ್ಲಿ ತರಂಗ ಫಿರಂಗಿ ಎಂಬ ಮಹಾಸ್ತ್ರವಿದೆ. ಐದನೇ ಕಂತಿನಲ್ಲಿ ಗುರುಗ್ರಹದ ಮೇಲೆ ತೇಲುವ ಒಂದು ಖಂಡದ ಮೇಲೆ ಅದನ್ನು ಮೊದಲ ಸಲ ಹಾರಿಸುತ್ತಾರೆ. ಶತ್ರುವಿನ ನೆಲೆಯ ಜೊತೆಗೆ ಇಡೀ ಖಂಡವೇ ಮಾಯ. ಹಾರಿಸಿದವರೇ ದಂಗಾಗುತ್ತಾರೆ. 13ನೇ ಕಂತಿನಲ್ಲಿ ಗಾಮಿಲಾಸ್‌ನ ಸೈನಿಕನೊಬ್ಬ ಸೆರೆಸಿಕ್ಕಾಗ ಅವನೂ ತಮ್ಮಂತೆಯೇ ಮನುಷ್ಯ ಎಂಬುದು ಗೊತ್ತಾಗುತ್ತದೆ.

ಆಮೇಲೆ ಆ 24ನೇ ಕಂತು. ಗಾಮಿಲಾಸ್ ಮತ್ತು ಇಸ್ಕಾಂದಾರ್ ಅವಳಿ ಗ್ರಹಗಳು. ಗಾಮಿಲಾಸ್ ಸಾಯುತ್ತಿರುವ ಗ್ರಹ, ಅವರಿಗೆ ಭೂಮಿ ಬೇಕಾಗಿದ್ದದ್ದೇ ಅದಕ್ಕೆ. ಅಲ್ಲಿನ ಕಡಲು ಗಂಧಕಾಮ್ಲದ್ದು. ಸಿಕ್ಕಿಬಿದ್ದ ಯಮಾಟೊ ಆ ಆಮ್ಲದೊಳಗೆ ಮುಳುಗಿ, ಜ್ವಾಲಾಮುಖಿಗಳ ಬೇರಿಗೇ ಫಿರಂಗಿ ಹಾರಿಸುತ್ತದೆ. ಗ್ರಹದ ಉದ್ದಗಲಕ್ಕೂ ಬೆಂಕಿ ಉಕ್ಕುತ್ತದೆ. ಗೆದ್ದವರು ಹಡಗಿನ ಮೇಲೆ ಬಂದು ನಿಂತು ನೋಡಿದರೆ ಕಣ್ಣು ಹಾಯಿಸಿದಷ್ಟೂ ದೂರ ಹಾಳು ನಗರ. ಚಪ್ಪಾಳೆ ಇಲ್ಲ, ಕವಾಯತಿನ ಹಾಡು ಇಲ್ಲ. ಚಿಕ್ಕಂದಿನಿಂದ ನಮಗೆ ಕಲಿಸಿದ್ದು ಸ್ಪರ್ಧಿಸು, ಗೆಲ್ಲು ಎಂಬುದನ್ನೇ, ಸೋತವರ ಗತಿಯೇನು, ಅವರಿಗೆ ಸುಖವಾಗಿರುವ ಹಕ್ಕಿಲ್ಲವೇ ಎಂದು ಕೊಡಾಯ್ ಕೇಳುತ್ತಾನೆ. ನಾವು ಕಾದಾಡಬಾರದಿತ್ತು, ಪ್ರೀತಿಸಬೇಕಿತ್ತು ಎಂದು ಅಳುತ್ತಾನೆ, ಗೆಲುವನ್ನು ಶಪಿಸಿ ಬಂದೂಕು ಎಸೆಯುತ್ತಾನೆ. ಬಾಂಬಿಗೆ ತಂದೆತಾಯಿಯನ್ನು ಕಳೆದುಕೊಂಡ ಹುಡುಗ ಈಗ ಬೇರೆಯವರ ತಂದೆತಾಯಿಯರನ್ನು ಸುಟ್ಟ ನೆಲದ ಮುಂದೆ ನಿಂತಿದ್ದಾನೆ. ಅದಕ್ಕೆ ಕಾರಣವಾದ ಹಡಗಿನ ಹೆಸರು ಯಮಾಟೊ. ನೀನು ಎರಡನೇ ಕಂತಿಗೆ ಕೇಳಿದ ಪ್ರಶ್ನೆಯನ್ನು ಇಷ್ಟು ಒರಟಾಗಿ ಕೇಳಿಕೊಂಡ ಮಕ್ಕಳ ಸರಣಿ ಇನ್ನೊಂದಿದ್ದರೆ ತಿಳಿಸು, ನೋಡುತ್ತೇನೆ.

ಆ ಅಳು ಬಾಳುವುದು ಒಂದು ಕಂತಿನಷ್ಟೇ ಎಂಬುದನ್ನೂ ಹೇಳಿಬಿಡುತ್ತೇನೆ. ಮುಂದಿನ ಕಂತಿನಲ್ಲಿ ಸತ್ತನೆಂದುಕೊಂಡ ಅಣ್ಣ ಇಸ್ಕಾಂದಾರ್‌ನಲ್ಲಿ ಜೀವಂತ ಸಿಗುತ್ತಾನೆ, ಆ ಸಂತೋಷದಲ್ಲಿ ಪಕ್ಕದ ಗ್ರಹದ ಬೂದಿ ಬಹುಮಟ್ಟಿಗೆ ಮರೆತುಹೋಗುತ್ತದೆ.

2012-13ರಲ್ಲಿ ಯುತಾಕಾ ಇಝುಬುಚಿ ನಿರ್ದೇಶನದಲ್ಲಿ ‘ಯಮಾಟೊ 2199’ ಎಂಬ ಹೊಸ ರೂಪ ಬಂತು. ಮಿಯಾಗಾವಾ ಅವರ ಮಗ ಅಕಿರಾ ತಂದೆಯ ಸಂಗೀತವನ್ನು ಮತ್ತೆ ಕಟ್ಟಿಕೊಟ್ಟ. ಹಡಗಿನ ತುಂಬ ಹೆಂಗಸರಿದ್ದಾರೆ, ಚಿತ್ರಗಳು ಕಣ್ಣಿಗೆ ಹಬ್ಬ, ಮೊದಲ ಗುಂಡು ಹಾರಿಸಿದ್ದು ಭೂಮಿಯವರೇ ಎಂದು ಒಪ್ಪಿಕೊಳ್ಳುವ ಪ್ರಾಮಾಣಿಕತೆಯೂ ಇದೆ. ಆದರೆ ಅಲ್ಲಿ ಗಾಮಿಲಾಸ್ ನಾಶವಾಗುವುದಿಲ್ಲ. ಹುಚ್ಚೆದ್ದ ಡೆಸ್ಲರ್ ತನ್ನ ರಾಜಧಾನಿಯನ್ನೇ ಕೆಡವಲು ಹೊರಟಾಗ ಯಮಾಟೊ ಅದೇ ಮಹಾಸ್ತ್ರದಿಂದ ಆ ಜನರನ್ನು ಉಳಿಸುತ್ತದೆ! ಹುಳುಕುಗಳನ್ನೆಲ್ಲ ತಿದ್ದಿದ ಕೈ ಪಾಪವನ್ನೂ ತಿದ್ದಿಬಿಟ್ಟಿತು, ಎಲ್ಲರೂ ಒಳ್ಳೆಯವರಾಗಿ ಮನೆಗೆ ಹೋದರು. ಹಳೆಯದರ ಕಲೆ ಕಮಟುಗಳ ಜೊತೆಗೆ ಆ ಹುಡುಗನ ಅಳುವಿಗಿದ್ದ ಕಾರಣವೂ ತೊಳೆದುಹೋಯಿತು. ನಾನು ಹಳೆಯದರ ಪಕ್ಷ, ಲಂಗ ಎತ್ತುವ ರೋಬೊಟ್ಟನ್ನು ಬೈದುಕೊಂಡೇ.

ನಿನ್ನ ಮಗಳ ಜೊತೆ ನೋಡುವುದಾದರೆ ಹೊಸದರಿಂದ ಶುರುಮಾಡು, ಅವಳಿಗೆ ಅದು ಹಿಡಿಸೀತು. ನೀನೊಬ್ಬನೇ ನೋಡುವುದಾದರೆ 1974ರದ್ದನ್ನು ಮೂರನೇ ಕಂತಿನಿಂದ ಮುಂದುವರಿಸು. 26 ಆದಮೇಲೆ ಕೈತೊಳೆದುಕೊ. ಇದೇ ಕಂತುಗಳನ್ನು ಕತ್ತರಿಸಿ ಜೋಡಿಸಿದ ಸಿನಿಮಾ 1977ರ ಆಗಸ್ಟ್‌ನಲ್ಲಿ ತೆರೆಕಂಡು ದೇಶವೇ ಮುಗಿಬಿದ್ದ ಮೇಲೆ ನಿರ್ಮಾಪಕ ಯೋಶಿನೊಬು ನಿಶಿಝಾಕಿಗೆ ಈ ಹಡಗನ್ನು ಬಿಡುವ ಮನಸ್ಸಾಗಲಿಲ್ಲ. 1978ರ ಚಿತ್ರದಲ್ಲಿ ಕೊಡಾಯ್ ಸತ್ತ ಯುಕಿಯನ್ನು ಪಕ್ಕದಲ್ಲಿರಿಸಿಕೊಂಡು ಹಡಗಿನೊಂದಿಗೆ ಶತ್ರುವಿನ ಮೇಲೆರಗಿ ಸಾಯುತ್ತಾನೆ. 24ನೇ ಕಂತಿನಲ್ಲಿ ಬಂದೂಕು ಎಸೆದ ಅದೇ ಹುಡುಗ ಆತ್ಮಾಹುತಿಯ ವೀರನಾದ. ಅದೇ ವರ್ಷ ಆ ಕಥೆಯನ್ನು ಟಿವಿಗೆ ಹಿಗ್ಗಿಸಿದಾಗ ಅವನನ್ನು ಬದುಕಿಸಿ ಉಳಿಸಿಕೊಂಡರು, ಇನ್ನೂ ಕಥೆ ಬೇಕಿತ್ತಲ್ಲ. 1983ರ ಚಿತ್ರದಲ್ಲಿ ಓಕಿತಾನೇ ಎದ್ದು ಬರುತ್ತಾನೆ. ಅವನು ಸತ್ತೇ ಇರಲಿಲ್ಲವಂತೆ, ಅಂದು ವೈದ್ಯ ತಪ್ಪಾಗಿ ಹೇಳಿದನಂತೆ. ನಾನು ಅಲ್ಲಿಗೆ ನಿಲ್ಲಿಸಿದೆ.

ಹತ್ತನೆಯದನ್ನು ನೋಡಿದ ಮೇಲೆ ಬರೆ. ಬೈಯುವುದಿದ್ದರೂ ಬರೆ.

ನಿನ್ನ ಗೆಳೆಯ