ಗದ್ದೆಗೆ ಇಳಿಯಲು ಬಿಟ್ಟವರಿಗೆ

ಕಳೆದ ವಾರ ನನ್ನ ಪಿಎಚ್.ಡಿ. ಮೌಖಿಕ ಪರೀಕ್ಷೆ ಮುಗಿಯಿತು. ಸಸ್ಯಶಾಸ್ತ್ರದಲ್ಲಿ ಪದವಿ ನೀಡಬಹುದೆಂದು ಪರೀಕ್ಷಕರು ಶಿಫಾರಸು ಮಾಡಿದ್ದಾರೆ. ಮಹಾಪ್ರಬಂಧದಲ್ಲಿ ಕೃತಜ್ಞತೆಯ ಪುಟವೊಂದಿದೆ. ಆದರೆ ಅದು ಇಂಗ್ಲಿಷಿನಲ್ಲಿದೆ, ಇನ್ನು ಮುಂದೆ ಗ್ರಂಥಾಲಯದ ಕಪಾಟಿನಲ್ಲಿರುತ್ತದೆ. ಅದನ್ನು ಓದಬೇಕಾದವರಲ್ಲಿ ಹೆಚ್ಚಿನವರು ಮಂಡ್ಯ, ಮದ್ದೂರು, ಪಾಂಡವಪುರ ತಾಲ್ಲೂಕುಗಳ ನಾಲೆ ಬಯಲಿನಲ್ಲಿ ಭತ್ತ ಬೆಳೆಯುವವರು. ಆದ್ದರಿಂದ ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನಾನು ಅಧ್ಯಯನ ಮಾಡಿದ್ದು ಭತ್ತದ ಬೆಂಕಿ ರೋಗವನ್ನು. ಅದಕ್ಕೆ ಕಾರಣ ಮ್ಯಾಗ್ನಪೋರ್ಥೆ ಒರೈಜೆ ಎಂಬ ಶಿಲೀಂಧ್ರ. ಇಬ್ಬನಿ ಬಿದ್ದ ಎಲೆಗೆ ಅದರ ಬೀಜಕಣ ಅಂಟಿಕೊಳ್ಳುತ್ತದೆ. ಮೊಳೆತ ಮೇಲೆ ಗುಮ್ಮಟದಂಥ ಒಂದು ಕೋಶವನ್ನು ಕಟ್ಟಿ, ವಾತಾವರಣದ ಒತ್ತಡಕ್ಕಿಂತ ಸುಮಾರು 80 ಪಟ್ಟು ಒತ್ತಡವನ್ನು ಅದರೊಳಗೆ ತುಂಬಿಕೊಂಡು ಎಲೆಯನ್ನು ಚುಚ್ಚಿ ಒಳನುಗ್ಗುತ್ತದೆ. ಎಲೆಯ ಮೇಲಿನ ಮಚ್ಚೆಗಳನ್ನು ಬೆಳೆ ಹೇಗೋ ತಡೆದುಕೊಳ್ಳಬಹುದು. ತೆನೆಯ ಕುತ್ತಿಗೆಗೆ ತಗುಲಿತೆಂದರೆ ಕಾಳು ಕಟ್ಟುವುದಿಲ್ಲ, ತೆನೆ ಜೊಳ್ಳಾಗುತ್ತದೆ. ಹಾಗೆ ಕಪ್ಪಾದ ಕುತ್ತಿಗೆಗಳೇ ನನಗೆ ಬೇಕಾಗಿದ್ದವು.

ನನ್ನ ಮನಸ್ಸಿನಲ್ಲಿ ಇಷ್ಟು ಕಾಲ ಉಳಿದಿರುವ ಮಾತು ಇದು: ರೋಗ ಜೋರಾಗಿದ್ದ ವರ್ಷ ನನ್ನ ಚೀಲ ತುಂಬಿತು, ನಿಮ್ಮ ಕಣಜ ಬರಿದಾಯಿತು. ನಾನು ಮಾದರಿ ಎಂದು ಕರೆದದ್ದು ನಿಮ್ಮ ಪಾಲಿಗೆ ಸಾಲ ತೀರಿಸಲಾಗದ ಬೆಳೆ. ಆದರೂ ಯಾರೂ ನನ್ನನ್ನು ಬದುವಿನಿಂದಲೇ ಹಿಂದಕ್ಕೆ ಕಳುಹಿಸಲಿಲ್ಲ. ಮದ್ದೂರಿನ ಕಡೆಯ ಅಜ್ಜಿಯೊಬ್ಬರು, “ಹೋದದ್ದು ಹೋಯಿತು ಕಣವ್ವ, ನಿನಗಾದರೂ ಉಪಯೋಗಕ್ಕೆ ಬರಲಿ, ಎಷ್ಟು ಬೇಕೋ ಕಿತ್ತುಕೋ” ಎಂದು ತಾವೇ ಕೆಸರಿಗೆ ಇಳಿದರು. ಆ ಗದ್ದೆಯಿಂದ ಬಂದ ಶಿಲೀಂಧ್ರ ನನ್ನ ಪ್ರಬಂಧದ ಮೂರನೆಯ ಅಧ್ಯಾಯದ ಆಧಾರ. ಪ್ರಬಂಧದಲ್ಲಿ ಅದಕ್ಕಿರುವುದು ಒಂದು ಸಂಕೇತ ಸಂಖ್ಯೆ ಮಾತ್ರ, ಅಜ್ಜಿಯ ಹೆಸರಿಲ್ಲ. ಇದು ನನಗೆ ಇಂದಿಗೂ ಸರಿಯೆನಿಸುವುದಿಲ್ಲ.

ಪಾಂಡವಪುರದ ಹಿರಿಯ ರೈತರೊಬ್ಬರು, “ತೆಂಗಿನ ನೆರಳು ಬೀಳುವ ಮೂಲೆಯನ್ನು ಮೊದಲು ನೋಡು. ಯೂರಿಯಾ ಹೆಚ್ಚು ಎರಚಿದ ಪಾತಿಯನ್ನು ಆಮೇಲೆ ನೋಡು” ಎಂದು ಹೇಳಿಕೊಟ್ಟರು. ನೆರಳಿನಲ್ಲಿ ಇಬ್ಬನಿ ಬೇಗ ಆರುವುದಿಲ್ಲ. ಸಾರಜನಕ ಹೆಚ್ಚಾದರೆ ಪೈರು ಮೃದುವಾಗಿ, ಒತ್ತಾಗಿ ಬೆಳೆದು ರೋಗಕ್ಕೆ ಸುಲಭವಾಗಿ ತುತ್ತಾಗುತ್ತದೆ. ಪುಸ್ತಕಗಳಲ್ಲಿ ಇದೆಲ್ಲ ಇದೆ, ನಿಜ. ಆದರೆ ಯಾವ ಮೂಲೆಗೆ ಮೊದಲು ಕಾಲಿಡಬೇಕೆಂದು ನನಗೆ ತೋರಿಸಿದವರು ಅವರು. ನನ್ನ ಪಾಲಿಗೆ ಅವರೂ ಗುರುಗಳೇ.

ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯ ನನ್ನ ಮಾರ್ಗದರ್ಶಕಿಗೆ ಏನು ಹೇಳಲಿ? ಒಂದೇ ಬೀಜಕಣದಿಂದ ಬೆಳೆಸಿದ ಕಲ್ಚರ್ (ಪ್ರಯೋಗಾಲಯದಲ್ಲಿ ಬೆಳೆಸಿದ ಶಿಲೀಂಧ್ರ) ಅಲ್ಲದಿದ್ದರೆ ಅದರ ಫಲಿತಾಂಶವನ್ನು ನೋಡಲೂ ಅವರು ಒಪ್ಪುತ್ತಿರಲಿಲ್ಲ. ಸೂಕ್ಷ್ಮದರ್ಶಕದ ಕೆಳಗೆ ಒಂದೊಂದೇ ಬೀಜಕಣವನ್ನು ಹೆಕ್ಕಿ, ಶಿಲೀಂಧ್ರ ಬೆಳೆಸುವ ಲೋಳೆಯಂಥ ಅಗರ್ ಮೇಲೆ ಇಡುವ ಕೆಲಸ ತಿಂಗಳುಗಟ್ಟಲೆ ನಡೆಯಿತು. ಮಳೆಗಾಲದಲ್ಲಿ ಬೇರೆ ಬೂಷ್ಟು ಹತ್ತಿ ತಟ್ಟೆಗಳೆಲ್ಲ ಹಾಳಾದಾಗ ಅವರು ಬಯ್ಯಲಿಲ್ಲ. ಪಕ್ಕದಲ್ಲಿ ಕುಳಿತು ಮತ್ತೆ ಮೊದಲಿನಿಂದ ಮಾಡಿಸಿದರು. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು, ಸಾಮಾನುಗಳನ್ನು ಬಿಸಿ ಹಬೆಯಲ್ಲಿ ಶುದ್ಧಗೊಳಿಸುವ ಆಟೋಕ್ಲೇವ್ ಹಚ್ಚಿಡುತ್ತಿದ್ದ ಪ್ರಯೋಗಾಲಯದ ಅಣ್ಣನಿಗೂ, ಹೋಲಿಕೆಗೆಂದು ಬಿತ್ತನೆ ಭತ್ತ ಕೊಟ್ಟ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನವರಿಗೂ ನನ್ನ ನಮಸ್ಕಾರ.

ನಡುವೆ ಮಗಳು ಹುಟ್ಟಿದಳು. ಪಿಎಚ್.ಡಿ. ಮಾಡುವ ಮಹಿಳೆಯರಿಗೆ 240 ದಿನಗಳವರೆಗೆ ಹೆರಿಗೆ ರಜೆ, ಆರು ವರ್ಷಗಳ ಗಡುವಿನ ಮೇಲೆ ಇನ್ನೆರಡು ವರ್ಷಗಳ ವಿನಾಯಿತಿ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ನಿಯಮದಲ್ಲೇ ಇದೆ. ಅಧ್ಯಯನ ಬಿಡಬೇಕೆಂದುಕೊಂಡಿರುವ ತಂಗಿಯರು ಇದನ್ನು ದಯವಿಟ್ಟು ತಿಳಿದುಕೊಳ್ಳಿ. ಆದರೆ ನಿಯಮ ಮಗುವನ್ನು ಎತ್ತಿಕೊಳ್ಳುವುದಿಲ್ಲ. ಎತ್ತಿಕೊಂಡವರು ನಮ್ಮ ಅತ್ತೆ. ಕೊಯ್ಲಿನ ಕಾಲದಲ್ಲಿ ನಾನು ಹಳ್ಳಿಗಳನ್ನು ಸುತ್ತುತ್ತಿದ್ದಾಗ, ಮಂಡಿ ನೋವಿದ್ದರೂ ಮಗಳನ್ನು ನೋಡಿಕೊಂಡರು. ಶಿಷ್ಯವೇತನ ತಿಂಗಳುಗಟ್ಟಲೆ ತಡವಾದಾಗ ಬಸ್ಸಿನ ಖರ್ಚಿಗೆ ಹಣ ಕೊಟ್ಟವರೂ ಅವರೇ. ಏಕೆ ಇಷ್ಟು ಓದಬೇಕು ಎಂದು ಒಮ್ಮೆಯೂ ಕೇಳಲಿಲ್ಲ.

ನನ್ನ ಕೆಲಸದಿಂದ ಬೆಂಕಿ ರೋಗ ನಿಲ್ಲುವುದಿಲ್ಲ. ಯಾವ ಗದ್ದೆಯ ಶಿಲೀಂಧ್ರ ಯಾವ ಭತ್ತದ ತಳಿಯ ರೋಗನಿರೋಧಕ ಶಕ್ತಿಯನ್ನು ಮುರಿಯುತ್ತದೆ ಎಂಬುದರ ಒಂದು ಭಾಗ ಮಾತ್ರ ಈಗ ಗೊತ್ತಾಗಿದೆ. ಅಷ್ಟನ್ನಾದರೂ ನಿಮಗೆ ಒಪ್ಪಿಸಬೇಕು. ಪ್ರತಿಯೊಂದು ಗದ್ದೆಯ ಮಾದರಿಯಲ್ಲಿ ಏನು ಕಂಡುಬಂತು, ಮುಂದಿನ ಸಲ ತಳಿ ಆರಿಸುವಾಗ ಏನನ್ನು ಗಮನಿಸಬೇಕು ಎಂದು ಕನ್ನಡದಲ್ಲಿ ಬರೆಯತೊಡಗಿದ್ದೇನೆ. ನಾಲೆಗೆ ನೀರು ಬಿಡುವ ಮೊದಲು ಒಂದೊಂದೇ ಊರಿಗೆ ಬಂದು ಆ ಹಾಳೆಗಳನ್ನು ನಿಮ್ಮ ಕೈಗೆ ಕೊಡುತ್ತೇನೆ, ಓದಲು ಬಾರದವರಿಗೆ ಕುಳಿತು ಓದಿ ಹೇಳುತ್ತೇನೆ. ಮದ್ದೂರಿನ ಅಜ್ಜಿಯ ಮನೆಗೆ ಮೊದಲು.