ಬಟ್ಟೆಯ ವಯಸ್ಸನ್ನು ಕುರಿತು ಬರೆಯುವಾಗ

ಮೈಸೂರು

ಪ್ರಿಯ ಯುವ ಮಿತ್ರರೇ,

ಯೇಸುವಿನ ದೇಹಕ್ಕೆ ಹೊದಿಸಿದ್ದೆಂದು ಅನೇಕ ಭಕ್ತರು ನಂಬುವ, ಮನುಷ್ಯಾಕೃತಿ ಮೂಡಿರುವ ಲಿನನ್ ಬಟ್ಟೆಯನ್ನು, ಅಂದರೆ ಇಟಲಿಯ ಟ್ಯೂರಿನ್ ನಗರದ ಪವಿತ್ರ ಶವವಸ್ತ್ರವನ್ನು ಕುರಿತು ನೀವು ಮಂಡ್ಯದಿಂದ ಕಳುಹಿಸಿದ ಲೇಖನವನ್ನು ಎರಡು ಸಲ ಓದಿದೆ. ನಿಮ್ಮ ಭಾಷೆಯಲ್ಲಿ ಬಿಗಿಯಿದೆ. ಆದರೆ ‘ವಿಜ್ಞಾನವು ಮೋಸವನ್ನು ಬಯಲಿಗೆಳೆಯಿತು’ ಎಂಬ ಮೊದಲ ವಾಕ್ಯವನ್ನು ದಯವಿಟ್ಟು ತೆಗೆದುಹಾಕಿ. ಆ ಬಟ್ಟೆಯ ವಯಸ್ಸನ್ನು ಅಳೆದ ಪರೀಕ್ಷೆ ಯಾವ ಪ್ರಶ್ನೆಗೆ ಉತ್ತರ ಹುಡುಕಿತು ಎಂಬುದನ್ನು ಹೇಳುವ ಮೊದಲೇ ನೀವು ತೀರ್ಪು ಕೊಟ್ಟುಬಿಟ್ಟಿದ್ದೀರಿ.

ಲಿನನ್ ಬಟ್ಟೆಗೆ ನಾರು ಕೊಡುವ ಅಗಸೆ ಗಿಡವು ಬದುಕಿರುವಷ್ಟು ದಿನ ಗಾಳಿಯಿಂದ ಇಂಗಾಲವನ್ನು ಪಡೆಯುತ್ತಿರುತ್ತದೆ. ಕೊಯ್ಲಾದ ಮೇಲೆ ಹೊಸ ಇಂಗಾಲ ಸೇರುವುದು ನಿಂತು, ಒಳಗಿರುವ ಇಂಗಾಲ-14 ಎಂಬ ವಿಕಿರಣಶೀಲ ಇಂಗಾಲ ಸುಮಾರು 5730 ವರ್ಷಗಳಿಗೆ ಅರ್ಧಕ್ಕಿಳಿಯುವ ಗತಿಯಲ್ಲಿ ಕ್ಷೀಣಿಸುತ್ತದೆ. ಉಳಿದದ್ದನ್ನು ಅಳೆದರೆ ಕೊಯ್ಲಿನ ಕಾಲ ಸಿಗುತ್ತದೆ. ಕಬ್ಬು ಕಡಿದದ್ದು ಯಾವಾಗ ಎಂದು ತಿಳಿದ ಮಾತ್ರಕ್ಕೆ ಬೆಲ್ಲ ಯಾರ ಆಲೆಮನೆಯದು ಎಂದು ತಿಳಿಯುವುದಿಲ್ಲವೆಂಬುದನ್ನು ನಿಮ್ಮ ಜಿಲ್ಲೆಯ ಓದುಗರಿಗೆ ವಿವರಿಸಬೇಕಾಗಿಲ್ಲ. ಆ ಬಟ್ಟೆಯ ಮೇಲಿನ ಆಕೃತಿ ಹೇಗೆ ಮೂಡಿತೆಂಬ ಪ್ರಶ್ನೆಯೂ ಹಾಗೆಯೇ ಬೇರೆಯಾಗಿ ಉಳಿಯುತ್ತದೆ.

1988ರ ಏಪ್ರಿಲ್‌ನಲ್ಲಿ ಶವವಸ್ತ್ರದ ಒಂದು ಮೂಲೆಯಿಂದ ಕತ್ತರಿಸಿದ ಚೂರನ್ನು ಆಕ್ಸ್‌ಫರ್ಡ್, ಜ್ಯೂರಿಕ್ ಮತ್ತು ಅರಿಝೋನಾದ ಪ್ರಯೋಗಾಲಯಗಳಿಗೆ ಹಂಚಿದರು; ಹೋಲಿಕೆಗಾಗಿ ಬೇರೆ ಮೂರು ಹಳೆಯ ಬಟ್ಟೆಗಳ ಮಾದರಿಗಳನ್ನೂ ಕೊಟ್ಟರು. ಈ ಎಚ್ಚರಿಕೆ ನನಗೆ ಬಹಳ ಮೆಚ್ಚುಗೆಯಾದದ್ದು. ನಿಮ್ಮ ಲೇಖನದಲ್ಲಿ ಅದರ ಸುಳಿವೇ ಇಲ್ಲ. ಶೇಕಡಾ 95ರ ವಿಶ್ವಾಸಮಟ್ಟದಲ್ಲಿ ಬಂದ ಉತ್ತರ ಕ್ರಿ.ಶ. 1260ರಿಂದ 1390. ಮಾದರಿಯೆಲ್ಲ ಒಂದೇ ಮೂಲೆಯದು, ಅಲ್ಲಿ ನಂತರ ನೇಯ್ದು ಸೇರಿಸಿದ ನೂಲಿದೆ ಎಂದು ರಸಾಯನವಿಜ್ಞಾನಿ ರೇಮಂಡ್ ರಾಜರ್ಸ್ 2005ರಲ್ಲಿ ವಾದಿಸಿದರು. ನಾನು ಮಧ್ಯಯುಗದ ಕಾಲನಿರ್ಣಯವನ್ನೇ ಒಪ್ಪುತ್ತೇನೆ, ಆದರೂ ಆ ಆಕ್ಷೇಪವನ್ನು ಓದುಗರಿಂದ ಮುಚ್ಚಿಡಬೇಡಿ.

ಇನ್ನೊಂದು ಮಾತು. ಭಕ್ತರನ್ನು ನೀವು ಮುಗ್ಧರೆಂದು ಕರೆದಿದ್ದೀರಿ. ಈ ಪ್ರಯೋಗಕ್ಕೆ ಆರು ಶತಮಾನಗಳ ಹಿಂದೆ, 1389ರಲ್ಲಿ, ಫ್ರಾನ್ಸಿನ ಟ್ರ್ವಾ ಪಟ್ಟಣದ ಬಿಷಪ್ ಪಿಯರ್ ದಾರ್ಸಿ ಅವರೇ ಇದು ಮನುಷ್ಯರು ಚಿತ್ರಿಸಿದ್ದೆಂದು ಬರೆದಿದ್ದರು. 1998ರಲ್ಲಿ ಎರಡನೆಯ ಜಾನ್ ಪಾಲ್ ಪೋಪರು ಈ ಪ್ರಶ್ನೆಗಳ ತನಿಖೆಯನ್ನು ವಿಜ್ಞಾನಿಗಳಿಗೆ ವಹಿಸಿದರು. ಇವೆರಡೂ ಸೇರಿದರೆ ನಿಮ್ಮ ಬರಹದ ಧಾಟಿ ತಾನಾಗಿಯೇ ಬದಲಾಗುತ್ತದೆ.

ಮುಂದಿನ ವಾರ ಮೈಸೂರಿಗೆ ಬಂದರೆ ಸಂತ ಫಿಲೋಮಿನಾ ಚರ್ಚಿನ ನೆಲಮಾಳಿಗೆಗೆ ಒಟ್ಟಿಗೆ ಹೋಗೋಣ. ಅಲ್ಲಿ ಸಂತ ಫಿಲೋಮಿನಾ ಅವರ ಪವಿತ್ರ ಅವಶೇಷವಿದೆ. ಅದರ ಮುಂದೆ ಪ್ರಾರ್ಥಿಸುವವರ ಪಕ್ಕ ಸ್ವಲ್ಪ ಹೊತ್ತು ಕುಳಿತು, ಆಮೇಲೆ ಲೇಖನವನ್ನು ತಿದ್ದಿರಿ.

ನಿಮ್ಮ ಹಿತೈಷಿ