ಸ್ಮಿತ್ ಸುಡಿಸಿದ ಹಸ್ತಪ್ರತಿಗಳಲ್ಲಿ ಏನಿತ್ತು?

ಮಾನ್ಯರೇ,

ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್ ಬದುಕಿನ ಒಗಟುಗಳ ಕುರಿತು ನಿಮ್ಮ ಪತ್ರಿಕೆ ಪ್ರಕಟಿಸಿದ ಲೇಖನ ಬಾಲಕನ ಅಪಹರಣದ ಕತೆಗೆ ಅರ್ಧ ಪುಟ ಕೊಟ್ಟು, ಹಸ್ತಪ್ರತಿ ಸುಟ್ಟ ಸಂಗತಿಯನ್ನು ಒಂದೇ ಸಾಲಿನಲ್ಲಿ ಮುಗಿಸಿದೆ. ಮೂರರ ವಯಸ್ಸಿನ ಸ್ಮಿತ್‌ನನ್ನು ಅಲೆಮಾರಿಗಳು ಎತ್ತಿಕೊಂಡು ಹೋದರೆಂಬುದು ತತ್ವಜ್ಞಾನಿ ಡುಗಾಲ್ಡ್ ಸ್ಟುವರ್ಟ್ 1793ರಲ್ಲಿ ಎಡಿನ್‌ಬರೋದ ರಾಯಲ್ ಸೊಸೈಟಿಯಲ್ಲಿ ಓದಿದ ಜೀವನಚರಿತ್ರೆಯಿಂದ ಬಂದದ್ದು. ಘಟನೆಗೂ ಬರವಣಿಗೆಗೂ ನಡುವೆ ಅರವತ್ತು ವರ್ಷ ದಾಟಿದೆ. ಕತೆ ನಿಜವೇ ಇರಲಿ, ಅದರಿಂದ ಆತನ ವಿಚಾರದ ಒಂದು ಗಂಟೂ ಬಿಚ್ಚುವುದಿಲ್ಲ. (ಅಂದಹಾಗೆ, ಲೇಖನದಲ್ಲಿ ಜನ್ಮದಿನವೆಂದು ಕೊಟ್ಟಿರುವ 1723ರ ಜೂನ್ 5 ಕರ್ಕಾಲ್ಡಿಯಲ್ಲಿ ದೀಕ್ಷಾಸ್ನಾನವಾದ ದಿನ. ಹುಟ್ಟಿದ ದಿನದ ದಾಖಲೆ ಸಿಕ್ಕಿಲ್ಲ.)

ಹಸ್ತಪ್ರತಿಗಳ ವಿಷಯ ಬೇರೆ. ಸುಡಿಸುವ ಯೋಚನೆ ಸಾಯುವ ಹೊತ್ತಿನಲ್ಲಿ ಹುಟ್ಟಿದ್ದಲ್ಲ. 1773ರಲ್ಲೇ ಸ್ಮಿತ್ ತನ್ನ ಗೆಳೆಯ, ತತ್ವಜ್ಞಾನಿ ಡೇವಿಡ್ ಹ್ಯೂಮ್‌ಗೆ ಪತ್ರ ಬರೆದು, ತಾನು ಸತ್ತರೆ ಬೀರುವಿನಲ್ಲಿರುವ ಸುಮಾರು 18 ತೆಳು ಕಾಗದದ ಪುಸ್ತಕಗಳನ್ನು ತೆರೆದೂ ನೋಡದೆ ನಾಶಮಾಡಬೇಕೆಂದು ತಿಳಿಸಿದ್ದ. ಖಗೋಳಶಾಸ್ತ್ರದ ಇತಿಹಾಸದ ಕುರಿತ ತನ್ನ ಬರಹವನ್ನು ಮಾತ್ರ ಹ್ಯೂಮ್‌ನ ತೀರ್ಮಾನಕ್ಕೆ ಬಿಟ್ಟಿದ್ದ. ಹ್ಯೂಮ್ ಮೊದಲೇ ತೀರಿಕೊಂಡಿದ್ದರಿಂದ, 1790ರ ಜುಲೈನಲ್ಲಿ, ಸ್ಮಿತ್ ಸಾಯುವುದಕ್ಕೆ ಕೆಲವೇ ದಿನ ಮುಂಚೆ, ಆ ಕೆಲಸ ರಸಾಯನಶಾಸ್ತ್ರಜ್ಞ ಜೋಸೆಫ್ ಬ್ಲ್ಯಾಕ್ ಮತ್ತು ಭೂವಿಜ್ಞಾನಿ ಜೇಮ್ಸ್ ಹಟನ್ ಅವರ ಪಾಲಿಗೆ ಬಂತು. ಉಳಿಸಿಕೊಂಡ ಪ್ರಬಂಧಗಳನ್ನು ಅವರೇ 1795ರಲ್ಲಿ ಅಚ್ಚು ಮಾಡಿಸಿದರು.

ಹಾಗಾದರೆ ಎಲ್ಲವೂ ಬೂದಿಯಾಯಿತೇ? ಲೆಕ್ಕ ಹಾಕುವ ದಾರಿಯೊಂದಿದೆ. ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಸ್ಮಿತ್‌ನ ಪಾಠಕ್ಕೆ ನಾಲ್ಕು ಭಾಗಗಳಿದ್ದವೆಂದು ಶಿಷ್ಯ ಜಾನ್ ಮಿಲ್ಲರ್ ತಿಳಿಸಿದ್ದಾನೆ: ನೈಸರ್ಗಿಕ ದೇವತಾಶಾಸ್ತ್ರ, ನೀತಿಶಾಸ್ತ್ರ, ನ್ಯಾಯ, ರಾಜ್ಯದ ಸಂಪತ್ತು-ಬಲಗಳಿಗೆ ಸಂಬಂಧಿಸಿದ ಆಡಳಿತ. ಎರಡನೆಯದು 1759ರ ‘ದಿ ಥಿಯರಿ ಆಫ್ ಮಾರಲ್ ಸೆಂಟಿಮೆಂಟ್ಸ್’ ಆಯಿತು. ನಾಲ್ಕನೆಯದು 1776ರ ‘ವೆಲ್ತ್ ಆಫ್ ನೇಷನ್ಸ್’ನಲ್ಲಿ ಬಂತು. ಮೂರನೆಯದಕ್ಕೆ ಸ್ಮಿತ್‌ನ ಪುಸ್ತಕವಿಲ್ಲ. ಬರೆಯುವುದಾಗಿ 1759ರಲ್ಲಿ ಕೊಟ್ಟ ಮಾತು ಪೂರ್ತಿ ನೆರವೇರಲಿಲ್ಲವೆಂದು ಆತನೇ ‘ಮಾರಲ್ ಸೆಂಟಿಮೆಂಟ್ಸ್’ನ 1790ರ ಆರನೇ ಆವೃತ್ತಿಯ ಮುನ್ನುಡಿಯಲ್ಲಿ ಒಪ್ಪಿಕೊಂಡಿದ್ದಾನೆ. ಆದರೂ ಆ ಮಾತು ಕೊಟ್ಟ ಪ್ಯಾರಾವನ್ನು ಅಳಿಸದೆ ಹಾಗೇ ಬಿಟ್ಟ!

ಈ ಕೊರತೆಯನ್ನು ತುಂಬಿದವರು ವಿದ್ಯಾರ್ಥಿಗಳು. ನ್ಯಾಯದ ಪಾಠ ಕೇಳಿದವರ ಟಿಪ್ಪಣಿಗಳು ಸಿಕ್ಕಿವೆ. 1895ರಲ್ಲಿ ಅರ್ಥಶಾಸ್ತ್ರಜ್ಞ ಎಡ್ವಿನ್ ಕ್ಯಾನನ್‌ಗೆ ಸುಳಿವು ಸಿಕ್ಕಿದ ಟಿಪ್ಪಣಿ ಮರುವರ್ಷ ಅಚ್ಚಾಯಿತು. 1958ರಲ್ಲಿ ಅಬರ್ಡೀನ್‌ನಲ್ಲಿ ಹಳೆಯ ಮನೆತನವೊಂದರ ಗ್ರಂಥಾಲಯದ ಪುಸ್ತಕಗಳು ಮಾರಾಟಕ್ಕೆ ಬಂದಾಗ ಇನ್ನೊಂದು ಟಿಪ್ಪಣಿ, ಜೊತೆಗೆ ಅಲಂಕಾರಶಾಸ್ತ್ರದ ಪಾಠಗಳೂ ಪ್ರಾಧ್ಯಾಪಕ ಜಾನ್ ಲೋಥಿಯನ್ ಕೈಗೆ ಸಿಕ್ಕವು.

ಆದರೆ ಇವನ್ನು ಸ್ಮಿತ್‌ನ ಮಾತೆಂದೇ ಉಲ್ಲೇಖಿಸುವ ಅಭ್ಯಾಸ ಅಪಾಯದ್ದು. ಮೊದಲು ಸಿಕ್ಕಿದ್ದರ ಮೇಲೆ 1766 ಎಂಬ ಇಸವಿಯಿದೆ. ಸ್ಮಿತ್ ಗ್ಲಾಸ್ಗೋ ಬಿಟ್ಟದ್ದು 1764ರ ಆರಂಭದಲ್ಲಿ. ಅದು ತರಗತಿಯಲ್ಲಿ ಕೂತು ಬರೆದದ್ದಲ್ಲ, ಆಮೇಲೆ ತೆಗೆದ ಶುದ್ಧಪ್ರತಿ. ಎರಡನೆಯದು 1762–63ರ ವರ್ಷದ್ದು, ಹೆಚ್ಚು ವಿಸ್ತಾರವಾದದ್ದು. ಆದರೆ ಆಡಳಿತದ ಭಾಗದ ನಡುವೆ ನಿಂತುಹೋಗುತ್ತದೆ. ಇನ್ನೂ ಮುಖ್ಯವಾಗಿ, ಎರಡರ ಕ್ರಮವೇ ಬೇರೆ: ವಿಸ್ತಾರವಾದದ್ದು ಆಸ್ತಿಯ ಹಕ್ಕಿನಿಂದ ಹೊರಟು ಸರ್ಕಾರಕ್ಕೆ ಬಂದರೆ, ಇನ್ನೊಂದು ಸರ್ಕಾರದಿಂದಲೇ ಆರಂಭವಾಗುತ್ತದೆ. ಬರೆಯದೆ ಉಳಿದ ಪುಸ್ತಕ ಯಾವ ಕ್ರಮ ಹಿಡಿಯುತ್ತಿತ್ತು ಎಂಬುದು ನನ್ನ ಮಟ್ಟಿಗೆ ಅಪಹರಣಕ್ಕಿಂತ ದೊಡ್ಡ ಪ್ರಶ್ನೆ. ಆಸ್ತಿ ಮೊದಲೋ ಸರ್ಕಾರ ಮೊದಲೋ ಎಂಬುದರ ಮೇಲೆ ಇಡೀ ವಾದದ ನಡೆ ನಿಂತಿದೆ.

ಪೂರ್ತಿ ಕತ್ತಲಿರುವುದು ಮೊದಲ ಭಾಗದಲ್ಲಿ. ದೇವರ ಅಸ್ತಿತ್ವದ ಪ್ರಮಾಣಗಳನ್ನೂ ಧರ್ಮಕ್ಕೆ ತಳಹದಿಯಾದ ಮನಸ್ಸಿನ ಗುಣಗಳನ್ನೂ ಅಲ್ಲಿ ಚರ್ಚಿಸುತ್ತಿದ್ದನೆಂದು ಮಿಲ್ಲರ್ ಹೇಳುತ್ತಾನೆ. ಅದರ ಟಿಪ್ಪಣಿ ಒಂದೂ ಸಿಕ್ಕಿಲ್ಲ. ಸ್ಮಿತ್ ಆಸ್ತಿಕನೋ ಅಲ್ಲವೋ ಎಂಬ ಜಗಳ ಮುಗಿಯದಿರುವುದು ಇದರಿಂದಲೇ. ನಾಸ್ತಿಕನೆಂದು ಹೆಸರಾದ ಹ್ಯೂಮ್‌ನ ಸಾವಿನ ಬಗ್ಗೆ ಬರೆದ ಪತ್ರ, ಬ್ರಿಟನ್ನಿನ ವಾಣಿಜ್ಯ ವ್ಯವಸ್ಥೆಯ ಮೇಲೆ ತಾನು ಮಾಡಿದ ಉಗ್ರ ದಾಳಿಗಿಂತ ಹತ್ತು ಪಟ್ಟು ಹೆಚ್ಚು ಬೈಗುಳ ತಂದಿತೆಂದು ಆತ 1780ರಲ್ಲಿ ಹೇಳಿಕೊಂಡಿದ್ದಾನೆ. ಅಷ್ಟು ಪೆಟ್ಟು ತಿಂದವನು ಎಚ್ಚರಿಕೆಯಿಂದ ಬರೆಯುವುದು ಸಹಜ. ಆದರೆ ಕ್ರಿಸ್ತನ ಪ್ರಾಯಶ್ಚಿತ್ತದ ಬಗ್ಗೆ ‘ಮಾರಲ್ ಸೆಂಟಿಮೆಂಟ್ಸ್’ನ ಹಿಂದಿನ ಆವೃತ್ತಿಗಳಲ್ಲಿದ್ದ ಭಾಗವನ್ನು 1790ರಲ್ಲಿ ತೆಗೆದು, ಎಲ್ಲ ಧರ್ಮಗಳಲ್ಲೂ ಮೂಢನಂಬಿಕೆಗಳಲ್ಲೂ ಸ್ವರ್ಗವಿದ್ದಂತೆ ನರಕವೂ ಇದೆ ಎಂಬ ಒಣ ವಾಕ್ಯ ಹಾಕಿದ್ದು ಎಚ್ಚರಿಕೆಯಂತೆ ಕಾಣುವುದಿಲ್ಲ. ಒಗಟಿನ ಲೇಖನಕ್ಕೆ ಆ ಒಂದು ತಿದ್ದುಪಡಿಯೇ ಸಾಕಿತ್ತು.

– ಓದುಗ